ಮುಂದೊಂದು, ಹಿಂದೊಂದು

ನವೆಂಬರ್ 9, ಭಾನುವಾರ

ಮಡಿಕೇರಿಯಲ್ಲಿ ಸನ್ಮಾನ. ಹೋಗುವ ಮೊದಲೇ ಸನ್ಮಾನ. ಹಿಂದೆ ಏನಾದರೂ ಮಾಡಿ ಬಂದವರಿಗೆ ಹಾರ ಹಾಕುತ್ತಿದ್ದರು. ಈಗ ಹೊರಡುವವರಿಗೇ ಹಾಕಿ ಮುಗಿಸುತ್ತಾರೆ. ಆಮೇಲೆ ಅವರು ಬಂದರೂ ಸರಿ, ಬರದಿದ್ದರೂ ಸರಿ, ಫೋಟೊ ಆಗಿರುತ್ತದೆ.

ಜಿಲ್ಲೆಯಿಂದ ಆರು ಜನ ಫೆಬ್ರವರಿಯಲ್ಲಿ ಹಿಮಾಚಲಕ್ಕೆ ಸ್ಕೀಯಿಂಗಿಗೆ ಹೋಗುತ್ತಾರೆ. ಪ್ರವಾಸಿಗರು ತಂತಿಯ ತೊಟ್ಟಿಲಲ್ಲಿ ಮೇಲೆ ಹೋಗಿ ಕಿರುಚುತ್ತ ಜಾರಿ ಬರುವ ಆಟವಲ್ಲ ಇದು. ಯಾರೂ ತುಳಿಯದ ಹಿಮದಲ್ಲಿ, ಕಾಲಿಗೆ ಹಲಗೆ ಕಟ್ಟಿಕೊಂಡೇ ಬೆಟ್ಟ ಹತ್ತಿ ಆಚೆ ಬದಿಗೆ ಇಳಿಯುವುದು. ಅಲ್ಲಿ ಕುಸಿಯುವುದು ಮಣ್ಣಲ್ಲ, ಹಿಮ. ಆರರಲ್ಲಿ ಒಬ್ಬಳು ನಮ್ಮ ಅಮೃತಾ, ನನ್ನ ತಮ್ಮ ಮಂಜುನಾಥನ ಮಗಳು. ಇಲ್ಲೇ ಕುಶಾಲನಗರದ ಶಾಲೆಯೊಂದರಲ್ಲಿ ಆಟದ ಮೇಡಂ. ಹಿಂದೆ ಎರಡು ಸಲ ತರಬೇತಿಗೆಂದು ಉತ್ತರಕ್ಕೆ ಹೋಗಿದ್ದಳು, ಆಗ ನಾವು ಅದನ್ನು ಶಾಲೆಯ ಪ್ರವಾಸದಂಥದ್ದು ಅಂದುಕೊಂಡಿದ್ದೆವು.

ಸಾಹಸ ಕ್ರೀಡಾ ಸಂಘದ ಕಾರ್ಯದರ್ಶಿ ಕೀರ್ತಿಕುಮಾರ್ ನನ್ನ ಹಳೆಯ ವಿದ್ಯಾರ್ಥಿ. ನಕ್ಷೆಯಲ್ಲಿ ಹಿಮಾಲಯ ಗುರುತಿಸು ಅಂದರೆ ವಿಂಧ್ಯವನ್ನು ಗುರುತಿಸಿದವನು. ಅವನೇ ಇವತ್ತು ಹಿಮಾಲಯದ ಬಗ್ಗೆ ಭಾಷಣ ಮಾಡಿದ. ವೀರರ ನಾಡು, ವೀರರ ನಾಡು ಎಂದು ಮೈಕು ಸಿಡಿಯುವ ಹಾಗೆ ಕೂಗಿದ. ಮೇಜಿನ ಮೇಲೆ ಆರು ಕೆಂಪು ಜಾಕೆಟ್ ಜೋಡಿಸಿದ್ದರು. ಬೆನ್ನ ಮೇಲೆ ಪ್ರಾಯೋಜಕರ ರೆಸಾರ್ಟಿನ ಹೆಸರು, ಎದುರು ಬೆಟ್ಟದಲ್ಲಿ ನಿಂತವನೂ ಓದಬಹುದಾದಷ್ಟು ದಪ್ಪಕ್ಷರದಲ್ಲಿ. ಬೇರೆ ಸಾಮಾನು ಏನು ಕೊಡುತ್ತೀರಿ ಎಂದು ಕೇಳಿದೆ. ಎಲ್ಲ ನಂಬರ್ ಒನ್ ಸಾರ್, ಅಂದ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮೃತಾಳ ತಾಯಿ ಕಾಂತಮ್ಮ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಸುಂಟಿಕೊಪ್ಪ ದಾಟಿದ ಮೇಲೆ ಮಾತಾಡಿದಳು. "ಬೇಡ ಅನ್ನಿ ಭಾವ. ನೀವು ಹೇಳಿದ್ರೆ ಕೇಳ್ತಾಳೆ."

ಬೇಡ ಅನ್ನುವ ಹಕ್ಕು ನನಗಿಲ್ಲ. ಮಂಜುನಾಥ ಹೋದ ಮೇಲೆ ತಾಯಿ ಮಗಳನ್ನು ನನ್ನ ಮನೆಗೆ ಕರೆತಂದೆ, ಅಷ್ಟೇ. ಒಂಟಿ ಮನುಷ್ಯನ ಮನೆಗೆ ಅವರು ಬಂದರು ಅನ್ನುವುದು ಹೆಚ್ಚು ಸರಿ. ಆದರೆ ಊಟಕ್ಕೆ ಕೂತಾಗ ಅಮೃತಾಳಿಗೆ ಒಂದು ಮಾತು ಹೇಳಿದೆ. ನಿನ್ನ ಸಾಮಾನನ್ನೆಲ್ಲ ಒಂದೊಂದಾಗಿ ನಾನು ಪರೀಕ್ಷೆ ಮಾಡುತ್ತೇನೆ. ಒಂದು ಸರಿ ಇಲ್ಲದಿದ್ದರೂ ನೀನು ಹೋಗುವ ಹಾಗಿಲ್ಲ.

ಅವಳು ನಕ್ಕಳು. "ಆಯ್ತು ದೊಡ್ಡಪ್ಪ. ನೀವು ಪಾಸ್ ಮಾಡಿದ್ರೆ ಮಾತ್ರ."

ಸಮಾಜ ವಿಜ್ಞಾನ ಕಲಿಸಿದ ಅಷ್ಟೂ ವರ್ಷಗಳಲ್ಲಿ ನಾನು ಒಂದು ಗ್ರೇಸ್ ಮಾರ್ಕು ಕೊಟ್ಟವನಲ್ಲ. ಅದು ಅವಳಿಗೆ ಗೊತ್ತಿಲ್ಲ. ಕಾಂತಮ್ಮನಿಗೆ ಗೊತ್ತು. ನನ್ನ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಬಿತ್ತು.

ನವೆಂಬರ್ 13, ಗುರುವಾರ

ನಾಲ್ಕು ದಿನದಿಂದ ಓದುತ್ತಿದ್ದೇನೆ. 'ಅತ್ಯುತ್ತಮ' ಎನ್ನುವ ಶಬ್ದದ ಮೇಲೆ ತೆರಿಗೆ ಹಾಕಬೇಕು. ಅತ್ಯುತ್ತಮ ಸ್ಕೀ, ಅತ್ಯುತ್ತಮ ಬೂಟು, ಅತ್ಯುತ್ತಮ ಕೈಚೀಲ. ಬರೆದವರೇ ಕೆಳಗೆ ಅದನ್ನು ಮಾರುತ್ತಾರೆ. ಹಗುರಾದರೆ ಹತ್ತಲು ಸುಲಭ, ಇಳಿಯುವಾಗ ನಡುಗುತ್ತದೆ. ಭಾರವಾದರೆ ಇಳಿಯಲು ಚೆನ್ನ, ಹತ್ತುವಾಗ ಸೊಂಟ ಮುರಿಯುತ್ತದೆ. ಯಾರಿಗೆ, ಯಾವ ಬೆಟ್ಟಕ್ಕೆ, ಎಂಥ ಹಿಮಕ್ಕೆ ಎಂದು ಒಬ್ಬನಾದರೂ ಕೇಳುವುದಿಲ್ಲ. ಔಷಧಿ ಅಂಗಡಿಗೆ ಹೋಗಿ ಅತ್ಯುತ್ತಮ ಮಾತ್ರೆ ಕೊಡಿ ಅಂದ ಹಾಗಾಯಿತು.

ಸ್ಕೀ ಅಲ್ಲೇ ಬಾಡಿಗೆಗೆ ಸಿಗುತ್ತದೆ, ಅದರಲ್ಲಿ ತಪ್ಪು ಹುಡುಕಲು ಸದ್ಯಕ್ಕೆ ನನಗೆ ಆಗಿಲ್ಲ. ಆದರೆ ಓದುತ್ತ ಓದುತ್ತ ಇನ್ನೊಂದಕ್ಕೆ ಬಂದೆ. ಬೀಕನ್ ಎಂದು ಹೆಸರು. ಎದೆಗೆ ಕಟ್ಟಿಕೊಳ್ಳುವ ಪುಟ್ಟ ಪೆಟ್ಟಿಗೆ. 'ನಾನು ಇಲ್ಲಿದ್ದೇನೆ, ನಾನು ಇಲ್ಲಿದ್ದೇನೆ' ಎಂದು ಒಂದೇ ಸಮ ರೇಡಿಯೊ ಅಲೆ ಕಳಿಸುತ್ತಿರುತ್ತದೆ. ಹಿಮ ಕುಸಿದು ಒಬ್ಬ ಹೂತುಹೋದರೆ ಉಳಿದವರು ತಮ್ಮ ಪೆಟ್ಟಿಗೆಯ ಗುಂಡಿಯನ್ನು ಹುಡುಕುವ ಕಡೆಗೆ ತಿರುಗಿಸಬೇಕು. ಎಷ್ಟು ದೂರ, ಯಾವ ದಿಕ್ಕು ಎಂದು ಅದು ತೋರಿಸುತ್ತದೆ. ಹತ್ತಿರ ಹೋಗಿ ಉದ್ದನೆಯ ಕಡ್ಡಿ ಚುಚ್ಚಿ ನೋಡಬೇಕು, ತಾಗಿದಲ್ಲಿ ಅಗೆಯಬೇಕು. ಬೇಗ ಅಗೆದರೆ ಜೀವ ಇರುತ್ತದೆ.

ಫೋನು ಕೆಳಗಿಟ್ಟು ಅಂಗಳದಲ್ಲಿ ಸುತ್ತಿದೆ.

ಎರಡು ಸಾವಿರದ ಹದಿನೆಂಟರ ಆಗಸ್ಟಿನಲ್ಲಿ ಮಾದಾಪುರದ ಆಚೆ ನಮ್ಮ ಮೇಲಿನ ಗುಡ್ಡ ಕುಸಿದು ಬಂದು ಮಂಜುನಾಥನ ಮನೆ, ಕೊಟ್ಟಿಗೆ, ಕಣ ಎಲ್ಲದರ ಮೇಲೆ ಕೂತಾಗ ಅವನು ಕೊಟ್ಟಿಗೆಯಲ್ಲಿದ್ದ ಎಂದು ಒಬ್ಬರು, ದಾರಿಗೆ ಬಂದಿದ್ದ ಎಂದು ಇನ್ನೊಬ್ಬರು. ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸಿದರು. ನಾವು ಬಿದಿರು ಗಳ ಹಿಡಿದು ಕೆಸರು ಚುಚ್ಚಿದೆವು. ಚುಚ್ಚಿದೆವು, ಚುಚ್ಚಿದೆವು. ಕೊನೆಗೆ ಸಿಕ್ಕಿದ್ದು ನಾವು ಚುಚ್ಚುತ್ತಿದ್ದ ಜಾಗದಿಂದ ಈ ಅಂಗಳದಷ್ಟು ದೂರದಲ್ಲಿ, ಎಲ್ಲ ಮುಗಿದ ಎಷ್ಟೋ ದಿನದ ಮೇಲೆ. ಹಿಂದಿನ ಬೇಸಿಗೆಯಲ್ಲಿ ಆ ಗುಡ್ಡದ ಬುಡಕ್ಕೆ ಜೆಸಿಬಿ ತಂದವರು ಯಾರು, ಬೇಡ ಎಂದು ನಾನು ಯಾರ ಯಾರ ಬಾಗಿಲಲ್ಲಿ ನಿಂತೆ, ಯಾರು ನನಗೆ ಕುರ್ಚಿ ಕೊಟ್ಟು ಕಾಫಿ ಕೊಟ್ಟು ಏನೂ ಮಾಡಲಿಲ್ಲ, ಎಲ್ಲ ನೆನಪಿದೆ. ಅವರು ಮರೆತಿದ್ದಾರೆ.

ಆಗಲೂ ಜಗತ್ತಿನಲ್ಲಿ ಬೀಕನ್ ಇತ್ತು. ಆಡಲು ಹೋಗುವವರಿಗೆ. ಗುಡ್ಡದ ಕೆಳಗೆ ಬದುಕುವವರಿಗೆ ಬಿದಿರು ಗಳ.

ಆ ಗಳ ಈಗಲೂ ಬಾಗಿಲ ಹಿಂದೆ ಇದೆ. ಬಟ್ಟೆ ಒಣಹಾಕಲು ಕೇಳಿದ್ದಕ್ಕೆ ಒಮ್ಮೆ ಕಾಂತಮ್ಮನ ಮೇಲೆ ಕೂಗಾಡಿದ್ದೆ. ಆಮೇಲೆ ಯಾರೂ ಮುಟ್ಟಿಲ್ಲ.

ನವೆಂಬರ್ 21, ಶುಕ್ರವಾರ

ಸಂಘದ ಆಫೀಸಿಗೆ ಹೋಗಿ ಸಾಮಾನು ನೋಡಿ ಬಂದೆ. 

ಸಲಿಕೆ ಪ್ಲಾಸ್ಟಿಕ್ಕಿನದು. ಕುಸಿದ ಹಿಮ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ, ಲೋಹದ್ದೇ ಬೇಕು ಎಂದು ಓದಿದ್ದೆ. ಇವರದು ಮಕ್ಕಳು ಮರಳಾಡುವ ಸಲಿಕೆಗಿಂತ ಒಂದು ಸುತ್ತು ದೊಡ್ಡದು. ಫೇಲ್. ಕಡ್ಡಿಗಳು ಪರವಾಗಿಲ್ಲ. ಜಾಕೆಟ್ ಮಾತ್ರ ತಲೆಗೆ ಎರಡೆರಡಂತೆ, ಎರಡನೆಯದಕ್ಕೆ ಆರ್ಡರ್ ಕೊಟ್ಟಿದ್ದಾರೆ. ಒಂದು ಹಾಕಿಕೊಳ್ಳಲು, ಒಂದು ಫೋಟೊಗೆ.

ಬೀಕನ್ ಎಲ್ಲಿ ಅಂದೆ. ಬೀರುವಿನಿಂದ ಡಬ್ಬಿ ತೆಗೆದ. ಒಳಗೆ ಎರಡು.

"ಎರಡೇ ಇದೆಯಲ್ಲ ಕೀರ್ತಿ?"

"ಮುಂದೊಂದು, ಹಿಂದೊಂದು ಸಾರ್. ಲೀಡರ್ ಹತ್ರ ಒಂದು, ಕೊನೆಯವನ ಹತ್ರ ಒಂದು. ನಡುವೆ ಇರೋರು ಎಲ್ಲಿಗೆ ಹೋಗ್ತಾರೆ?"

ಈ ಬುದ್ಧಿ ಅವನಿಗೆ ಎಲ್ಲಿಂದ ಬಂತು ಎಂದು ತಕ್ಷಣ ಗೊತ್ತಾಯಿತು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಿತು. ಆನೆ ಇರುವ ತೋಟದಲ್ಲಿ ಮುಸ್ಸಂಜೆಗೆ ಕಾಫಿ ಪಿಕಿಂಗ್ ಮುಗಿಸಿ ಕೂಲಿಯವರ ಲೈನ್ ಮನೆಗೆ ವಾಪಸಾಗುವಾಗ ಹೀಗೇ ಹೋಗುವುದು. ಮುಂದಿನವನ ಕೈಯಲ್ಲಿ ಒಂದು ಟಾರ್ಚು, ಹಿಂದಿನವನ ಕೈಯಲ್ಲಿ ಒಂದು, ಉಳಿದವರು ನಡುವೆ ಸಾಲಾಗಿ. ಕೊಡಗಿನಲ್ಲಿ ಹಾಗೆ ನಡೆಯದವರು ಯಾರಿದ್ದಾರೆ. ನಾನೂ ನಡೆದಿದ್ದೇನೆ. ಆದರೆ ಟಾರ್ಚು ನಾವು ಹೋಗುವ ದಾರಿ ತೋರಿಸುವುದಕ್ಕೆ. ಇದು ನಾವು ಬಿದ್ದಿರುವ ಜಾಗ ತೋರಿಸುವುದಕ್ಕೆ. ಪೆಟ್ಟಿಗೆ ಇಲ್ಲದವನು ಹೂತರೆ ಅವನನ್ನು ಯಾವ ಪೆಟ್ಟಿಗೆಯೂ ಹುಡುಕುವುದಿಲ್ಲ. ಪೆಟ್ಟಿಗೆ ಇಲ್ಲದವನು ಮೇಲೆ ಉಳಿದರೆ ಅವನು ಯಾರನ್ನೂ ಹುಡುಕಲಾರ. ಆರು ಜನಕ್ಕೆ ಆರು ಬೇಕು. ಇದನ್ನೆಲ್ಲ ನಿಧಾನವಾಗಿ ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ.

"ನಡುವೆ ಇರೋರು ಎಲ್ಲಿಗೆ ಹೋಗ್ತಾರೆ ಅಂತ ನನ್ನ ತಮ್ಮನ್ನ ಕೇಳು."

 ಕೀರ್ತಿ, ಸಾರ್ ಕಾಫಿ ತರಿಸ್ಲಾ, ಅಂದ.

ಆ ಎರಡನ್ನು ಅಮೃತಾ ಅಭ್ಯಾಸಕ್ಕೆಂದು ಮನೆಗೆ ತಂದಳು. ಡಬ್ಬಿ ನೋಡಿದ ಕಾಂತಮ್ಮ ಕೇಳಿದಳು, ಪಾಸೋ ಫೇಲೋ. ಫೇಲ್ ಅಂದೆ. ಅವಳು ಸಮಾಧಾನದಿಂದ ಸೊಪ್ಪು ಬಿಡಿಸಲು ಕೂತಳು.

ನವೆಂಬರ್ 23, ಭಾನುವಾರ

 ಪೇಪರಿನಲ್ಲಿ ಜಾಕೆಟ್ಟಿನ ಫೋಟೊ ಬಂದಿದೆ. ಬಣ್ಣದಲ್ಲಿ.

ಡಿಸೆಂಬರ್ 5, ಶುಕ್ರವಾರ

ಕಾಂತಮ್ಮ ಕೇಳಿದಳು, ಜಾರುವ ಹಲಗೆ ಕಟ್ಟಿಕೊಂಡು ಹತ್ತುವುದು ಹೇಗೆ, ಹಿಂದಕ್ಕೆ ಜಾರುವುದಿಲ್ಲವೇ ಎಂದು. ಒಳ್ಳೆಯ ಪ್ರಶ್ನೆ. ಆ ಸಂಘದಲ್ಲಿ ಒಬ್ಬನೂ ಕೇಳಿರಲಾರ. ಹಲಗೆಯ ಅಡಿಗೆ ರೋಮದ ಪಟ್ಟಿ ಅಂಟಿಸುತ್ತಾರೆ, ರೋಮವೆಲ್ಲ ಒಂದೇ ಕಡೆ ಮಲಗಿರುತ್ತದೆ ಎಂದು ಹೇಳಿದೆ. ಅವಳಿಗೆ ಹಿಡಿಯಲಿಲ್ಲ. ಬೆಕ್ಕನ್ನು ಕರೆದು ಬೆನ್ನು ಸವರಿ ತೋರಿಸಿದೆ. ತಲೆಯಿಂದ ಬಾಲಕ್ಕೆ ನುಣುಪು, ಬಾಲದಿಂದ ತಲೆಗೆ ತಡೆ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಕಚ್ಚಿ ನಿಲ್ಲುತ್ತದೆ. ಮೇಲೆ ಹೋದ ನಂತರ ಪಟ್ಟಿ ಕಿತ್ತು ಮಡಚಿಟ್ಟುಕೊಂಡು ಇಳಿಯುವುದು. ಹತ್ತುವಾಗ ಬೂಟಿನ ಹಿಮ್ಮಡಿ ಹಲಗೆಯಿಂದ ಬಿಟ್ಟುಕೊಂಡಿರುತ್ತದೆ, ಇಳಿಯುವಾಗ ಬಿಗಿಯುತ್ತಾರೆ. ಯಾರೋ ತಲೆ ಇರುವವನು ಯೋಚಿಸಿದ್ದಾನೆ. ಬೆಕ್ಕು ಪರಚಿತು.

ಬೂಟು ಅಮೃತಾ ತನ್ನ ಸಂಬಳದಲ್ಲೇ ತರಿಸುತ್ತಿದ್ದಾಳೆ, ಮನಾಲಿಯ ಅಂಗಡಿಯಿಂದ. ಬಾಡಿಗೆ ಬೂಟು ಬೇರೆಯವರ ಕಾಲಿಗೆ ಒಗ್ಗಿದ್ದು, ಅದು ಬೇಡ ಅಂದಳು. ಒಪ್ಪಿದೆ. ಆದರೆ ಅಳತೆ ಕೊಟ್ಟಿದ್ದು ಕಾಲಿನಷ್ಟೇ, ಒಂದು ಕೂದಲೂ ಹೆಚ್ಚಿಲ್ಲ. ಎಳೆಯರ ಬುದ್ಧಿ. ಇಲ್ಲಿ ಬೂಟು ಕೊಳ್ಳುವ ಕ್ರಮ ನಮಗೆ ಗೊತ್ತಿಲ್ಲವೇ? ಒಂದು ನಂಬರ್ ಹೆಚ್ಚು ತೆಗೆದುಕೊಳ್ಳಬೇಕು. ಒಳಗೆ ದಪ್ಪ ಕಾಲುಚೀಲ, ಅದರ ಮೇಲೆ ಮೊಣಕಾಲಿನವರೆಗೆ ಜಿಗಣೆ ಕಚ್ಚದ ಹಾಗೆ ಬಟ್ಟೆಚೀಲ, ಅದಕ್ಕೆ ಹೊಗೆಸೊಪ್ಪಿನ ಪುಡಿ. ಅದೆಲ್ಲ ಹಿಡಿಸಬೇಕು. ಹಿಮದಲ್ಲಿ ಜಿಗಣೆ ಇಲ್ಲದಿರಬಹುದು, ಚಳಿ ಇದೆಯಲ್ಲ.

ಅವಳು ಶಾಲೆಗೆ ಹೋದ ಮೇಲೆ ನಾನೇ ಅಂಗಡಿಗೆ ಫೋನ್ ಮಾಡಿ ನನ್ನ ಹಿಂದಿಯಲ್ಲಿ ಅಳತೆ ತಿದ್ದಿಸಿದೆ. ಅವನು ಏನೋ ವಾದ ಮಾಡಿದ. ನಾನು ಬಗ್ಗಲಿಲ್ಲ.

ಡಿಸೆಂಬರ್ 18, ಗುರುವಾರ

ಬೂಟು ಬಂತು. ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡುತ್ತದೆ. ಅಮೃತಾ ಹಾಕಿಕೊಂಡು ಮೊಣಕಾಲು ಬಗ್ಗಿಸಿ ನೋಡಿದಳು, ತಿರುವಿ ನೋಡಿದಳು. ಇದರಲ್ಲಿ ಹೋದರೆ ಮೊದಲ ದಿನವೇ ಬೊಬ್ಬೆ, ಇಳಿಯುವಾಗ ನಾನು ಒಂದು ಕಡೆ ತಿರುಗಿದರೆ ಹಲಗೆ ಇನ್ನೊಂದು ಕಡೆ, ಅಂದಳು. ಒಂದೇ ಒಂದು ತೆಳು ಕಾಲುಚೀಲ ಹಾಕಿ, ನೆಟ್ಟಗೆ ನಿಂತರೆ ಬೆರಳು ತುದಿಗೆ ತಾಗಬೇಕಂತೆ.

ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡೆ. ಗ್ರಾಹಕನೆಂದರೆ ಕುರಿಯೆಂದು ತಿಳಿದಿದ್ದೀಯಾ, ದೂರ ಇದ್ದೇವೆಂದು ಏನು ಬೇಕಾದರೂ ಕಳಿಸುತ್ತೀಯಾ ಎಂದು ಚೆನ್ನಾಗಿಯೇ ಬೈದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, ಹುಡುಗಿ ಸರಿಯಾದ ಅಳತೆಯನ್ನೇ ಹೇಳಿದ್ದರು ಸಾಹೇಬರೇ, ಮರುದಿನ ಒಬ್ಬರು ಹಿರಿಯರು ಫೋನ್ ಮಾಡಿ ಹೆಚ್ಚಿಸಿದರು, ಜಿಗಣೆ ಎಂದೇನೋ ಹೇಳುತ್ತಿದ್ದರು, ಅಂದ. ಫೋನು ಸ್ಪೀಕರಿನಲ್ಲಿತ್ತು.

ಕಾಂತಮ್ಮ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿಂದ ಅವಳು ನಗುವುದು ಕೇಳಿಸಿತು. ಅವಳ ನಗು ಹೀಗಿತ್ತೆಂದು ಮರೆತಿದ್ದೆ.

ಬದಲಿ ಕಳಿಸಲು ಅವನು ಒಪ್ಪಿದ. ಆದರೂ ಅವನು ಇನ್ನಷ್ಟು ಗಟ್ಟಿಯಾಗಿ ವಾದಿಸಬೇಕಿತ್ತು. ತಿಳಿದವನು ಗ್ರಾಹಕ ಗದರಿದನೆಂದು ಬಾಯಿ ಮುಚ್ಚಿಕೊಳ್ಳುವುದೇ ಈ ದೇಶದ ರೋಗ.

ಡಿಸೆಂಬರ್ 28, ಭಾನುವಾರ

ಬಿಟ್ಟಂಗಾಲಕ್ಕೆ ಹೋಗಿದ್ದೆವು. ತಂಡದಲ್ಲಿರುವ ಇನ್ನೊಬ್ಬ ಹುಡುಗಿ ಪೂವಮ್ಮನ ಮನೆ ಅಲ್ಲಿ. ಕಣದ ತುಂಬ ಕಾಫಿ ಹರಡಿತ್ತು, ಒಂದು ಬದಿಯಲ್ಲಿ ಹೋದ ವರ್ಷದ ಸಿಪ್ಪೆಯ ದೊಡ್ಡ ರಾಶಿ. ಹುಡುಗಿಯರು ಬೀಕನ್ ಅಭ್ಯಾಸ ಮಾಡುತ್ತೇವೆ, ಅಂಕಲ್ ಬಚ್ಚಿಡಲಿ ಅಂದರು.

ಒಂದನ್ನು ಸಿಪ್ಪೆಯಲ್ಲಿ ಹೂತೆ. ಅಮೃತಾ ಬೇಗ ಹುಡುಕಿದಳು. ಗೊಬ್ಬರದ ಗುಂಡಿಯಲ್ಲಿ ಗೋಣಿಯಡಿ ಇಟ್ಟೆ. ಅದನ್ನೂ ಹುಡುಕಿದಳು. ಪೂವಮ್ಮ ಮಾತ್ರ ದಾರಿ ತಪ್ಪಿ ಹಂದಿಗೂಡಿನ ಹತ್ತಿರ ಸುತ್ತುತ್ತಿದ್ದಳು. ಜೇಬಿನಲ್ಲಿ ಫೋನು ಇದೆಯಾ ಎಂದು ನಾನೇ ಕೇಳಿದೆ. ಇತ್ತು. ಫೋನು ಹತ್ತಿರವಿದ್ದರೆ ಬೀಕನ್‌ಗೆ ತಲೆ ಕೆಡುತ್ತದೆ ಎಂದು ಓದಿರಲಿಲ್ಲವೇ ಎಂದು ಗದರಿದೆ. ಮತ್ತೆ ಹೂತೆ. ಈ ಸಲ ಮರದ ಬೇರಿನ ಸಂದಿಯಲ್ಲಿ, ಮೇಲೆ ತರಗೆಲೆ, ಎರಡು ಕಡೆ ಸುಳ್ಳು ಹೆಜ್ಜೆ. ಮಧ್ಯಾಹ್ನ ಪೂವಮ್ಮನ ಅಪ್ಪ ಊಟಕ್ಕೆ ಕರೆಯಲು ಬಂದಾಗ ನಾನು ಮೊಣಕಾಲೂರಿ ಕೈಯಲ್ಲಿ ಮಣ್ಣು ಅಗೆಯುತ್ತಿದ್ದೆ. "ಮೇಷ್ಟ್ರೇ, ಕಾಡುಹಂದಿಯ ಕೆಲಸ ಅಂದುಕೊಂಡೆ," ಅಂದರು.

ಪಂಚೆ ಹಾಳಾಯಿತು. ಇದೆಲ್ಲ ಸಂಘದವರು ಮಾಡಿಸಬೇಕಾದ ಕೆಲಸ.

ಜನವರಿ 5, ಸೋಮವಾರ

ಬರೆಯದೆ ಒಂದು ವಾರವಾಯಿತು, ಓಡಾಟದಲ್ಲಿ ಪುರುಸೊತ್ತಿರಲಿಲ್ಲ. ಕೀರ್ತಿ ಇನ್ನೂ ಎರಡೇ ಸಾಕು ಅನ್ನುತ್ತಿದ್ದ. ಬಜೆಟ್ ಇಲ್ಲ ಅಂದ. ಎರಡನೇ ಜಾಕೆಟ್ಟಿಗೆ ಬಜೆಟ್ ಇತ್ತು. ಪ್ರಾಯೋಜಕರು ಏನಂದುಕೊಳ್ಳುತ್ತಾರೋ ಅಂದ. ಅವರ ಮನೆಯವರು ಯಾರಾದರೂ ಆ ಹಿಮದ ಮೇಲೆ ನಡೆಯುತ್ತಿದ್ದಾರಾ ಎಂದು ಕೇಳಿದೆ.

ಹಾಗಾಗಿ ಉಳಿದ ಐದು ಮನೆಗೂ ಹೋದೆ. ಪೂವಮ್ಮನ ಅಪ್ಪ ಜೀಪಿನಲ್ಲಿ ಕರೆದುಕೊಂಡು ಹೋದರು. ಪ್ರತಿ ಮನೆಯಲ್ಲೂ ಆ ಎರಡು ಪೆಟ್ಟಿಗೆ ತೆಗೆದು, ಒಂದನ್ನು ಹಿತ್ತಿಲಿನಲ್ಲಿ ಬಚ್ಚಿಟ್ಟು, ಮನೆಯವರ ಕೈಯಿಂದಲೇ ಹುಡುಕಿಸಿದೆ. ಆಮೇಲೆ ಬಚ್ಚಿಟ್ಟಿದ್ದನ್ನು ಬಂದ್ ಮಾಡಿ, ಈಗ ಹುಡುಕಿ ಅಂದೆ. ಅಷ್ಟು ಸಾಕಾಯಿತು. ದೀಕ್ಷಿತ್ ಎನ್ನುವ ಹುಡುಗನ ತಾಯಿ ಪೆಟ್ಟಿಗೆಯ ಖಾಲಿ ತೆರೆಯನ್ನು ನೋಡುತ್ತ ನಿಂತೇ ಇದ್ದರು.

ಇವತ್ತು ರೆಸಾರ್ಟಿನ ಮುಂದೆ ಪ್ರಾಯೋಜಕರ ಜೊತೆ ದೊಡ್ಡ ಫೋಟೊ ಇತ್ತು. ಆರು ಮಕ್ಕಳೂ ಬಂದರು. ಜಾಕೆಟ್ ಯಾರೂ ಹಾಕಲಿಲ್ಲ. ಆರು ಬೀಕನ್, ಆರು ಲೋಹದ ಸಲಿಕೆ ಬಂದ ದಿನ ಹಾಕುತ್ತೇವೆ ಎಂದು ಅಮೃತಾ ಹೇಳಿದಳು, ಗಲಾಟೆ ಇಲ್ಲದೆ, ಹಾಜರಿ ಕೂಗುವ ದನಿಯಲ್ಲಿ. ಕೀರ್ತಿಯ ಮುಖ ನೋಡಬೇಕಿತ್ತು. ಪ್ರಾಯೋಜಕರು ಅವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಎರಡನೇ ಜಾಕೆಟ್ ರದ್ದು. ಉಳಿದ ನಾಲ್ಕು ಬೀಕನ್ ಮತ್ತು ಸಲಿಕೆಗಳು ಬರುತ್ತವೆ.

ಗೆದ್ದು ಬಂದವನ ಹಾಗೆ ಮನೆಗೆ ಬಂದು ಕಾಂತಮ್ಮನಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಪಕ್ಕಕ್ಕಿಟ್ಟಳು.

"ನೀವು ಸುಮ್ನೆ ಇದ್ದಿದ್ರೆ ಸಾಕಿತ್ತಲ್ಲ ಭಾವ. ಎರಡೇ ಇರ್ತಿತ್ತು, ನೀವು ಫೇಲ್ ಅಂತಿದ್ರಿ, ಅವಳು ಇಲ್ಲೇ ಇರ್ತಿದ್ಲು."

ಅದು ನನಗೆ ಹೊಳೆದೇ ಇರಲಿಲ್ಲ. ಮತ್ತೆ ಉಳಿದ ಐದು ಮಕ್ಕಳ ಗತಿ ಏನು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು, ಅದು ಉತ್ತರವಲ್ಲ ಎನ್ನುವ ಹಾಗೆ. ಕೀರ್ತಿ ಮಾಡುವ ತಪ್ಪನ್ನು ನೋಡಿಕೊಂಡು ಸುಮ್ಮನೆ ಕೂರುವ ಜಾತಿ ನನ್ನದಲ್ಲ, ಅಂದೆ. ಅದೂ ಉತ್ತರವಾಗಲಿಲ್ಲ ಎಂದು ಕಾಣುತ್ತದೆ. ಇವತ್ತು ತುಪ್ಪ ಇಲ್ಲ.

ಜನವರಿ 18, ಭಾನುವಾರ

ಅಮೃತಾ ಹೇಳಿದಳು, ಕಣದಲ್ಲಿ ಅಭ್ಯಾಸ ಮಾಡಿದ್ದು ಸಾಲದು, ಇಳಿಜಾರು ಬೇಕು. ಎಲ್ಲಿ ಎಂದೆ. ನಮ್ಮದೇ ಇದೆಯಲ್ಲ ದೊಡ್ಡಪ್ಪ, ಅಂದಳು.

ಗುಡ್ಡ ಕುಸಿದ ವರ್ಷದ ನಂತರ ನಾನು ಅಲ್ಲಿಗೆ ಹೋಗಿರಲಿಲ್ಲ. ಹೋಗಬಾರದೆಂದಲ್ಲ. ಕೆಲಸ ಬಿದ್ದಿರಲಿಲ್ಲ.

ಪೂವಮ್ಮ ಜೀಪು ತಂದಳು. ಕಾಂತಮ್ಮನನ್ನು ಯಾರೂ ಕರೆದಿರಲಿಲ್ಲ. ಅವಳು ಚಿತ್ರಾನ್ನದ ಡಬ್ಬಿ ಹಿಡಿದು ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

ಗುಡ್ಡದ ಮೇಲೆ ಈಗ ಹುಲ್ಲು ಬಂದಿದೆ, ಲಂಟಾನ ಬಂದಿದೆ, ನಡುನಡುವೆ ಆಳೆತ್ತರದ ಗಿಡಗಳು. ಗೊತ್ತಿಲ್ಲದವರಿಗೆ ಇದು ಯಾವಾಗಲೂ ಹೀಗೇ ಇದ್ದ ಗುಡ್ಡ. ಹುಡುಗಿಯರು ಮೇಲಿನ ರಸ್ತೆಯಲ್ಲೇ ಬೆನ್ನು ತಿರುಗಿಸಿ ನಿಂತರು. ನಾನು ಬೀಕನ್ ಅನ್ನು ಅಂಗಿಯ ಜೇಬಿಗೆ ಹಾಕಿ, ಫೋನು ಬಂದ್ ಮಾಡಿ, ಇಳಿದೆ. ಪೆಟ್ಟಿಗೆಯನ್ನು ಎಲ್ಲಾದರೂ ಹೂತಿಟ್ಟು ವಾಪಸ್ ಬರಬೇಕೆಂದಿದ್ದೆ. ಒಂದು ಕಡೆ ಮಣ್ಣಿನಿಂದ ನೀರಿನ ಪೈಪಿನ ತುಂಡು ಹೊರಗೆ ಚಾಚಿತ್ತು. ಮಂಜುನಾಥನ ಕೊಟ್ಟಿಗೆಯ ಪೈಪು. ಅದರ ಕೆಳಗೆ ಮಳೆನೀರು ಕೊರೆದ ಗುಂಡಿ. ಹತ್ತಲು ಉಸಿರಿರಲಿಲ್ಲ. ಗುಂಡಿಯಲ್ಲೇ ಕೂತೆ.

ಅಲ್ಲಿ ಕೂತರೆ ಮೇಲಿನವರು ಯಾರೂ ಕಾಣುವುದಿಲ್ಲ. ಅವರಿಗೂ ನಾನು ಕಾಣುವುದಿಲ್ಲ. ಅವರ ಮಾತು ಮಾತ್ರ ಕೇಳುತ್ತದೆ, ಹತ್ತಿರ ಬಂದ ಹಾಗೆ, ದೂರ ಹೋದ ಹಾಗೆ.

ಅಮೃತಾ ಮೊದಲು ಬಲಕ್ಕೆ ಹೋದಳು. ಕೂಗಬೇಕು ಅನ್ನಿಸಿತು. ಕೂಗಲಿಲ್ಲ, ಪರೀಕ್ಷೆಯಲ್ಲಿ ಸುಳಿವು ಕೊಡುವುದಿಲ್ಲ. ಆಮೇಲೆ ತಿರುಗಿದಳು. ಎಷ್ಟು ಮೀಟರ್ ದೂರ ಎನ್ನುವ ಅಂಕಿಯನ್ನು ಗಟ್ಟಿಯಾಗಿ ಓದುತ್ತ ಇಳಿಯುತ್ತಿದ್ದಳು. ಮೂವತ್ತೆಂಟು. ಹಿಂದೆ ಕಾಂತಮ್ಮನ ದನಿ, ಮೂವತ್ತೆಂಟು. ಇಪ್ಪತ್ತಾರು. ಇಪ್ಪತ್ತಾರು. ಮಗಳು ಹೇಳಿದ್ದನ್ನೆಲ್ಲ ತಾಯಿ ಹಿಂದಿನಿಂದ ಹೇಳುತ್ತಿದ್ದಳು, ಮಗ್ಗಿ ಒಪ್ಪಿಸುವವಳ ಹಾಗೆ. ಹದಿನೈದು. ಒಂಬತ್ತು. ಆಮೇಲೆ ಲಂಟಾನ ಅಲುಗಿತು. ನಾಲ್ಕು. ಅಮೃತಾ ಮೊಣಕಾಲೂರಿ, ಪೆಟ್ಟಿಗೆಯನ್ನು ನೆಲಕ್ಕೆ ಹತ್ತಿರ ಹಿಡಿದು ಅಡ್ಡಡ್ಡ ಉದ್ದುದ್ದ ಆಡಿಸಿ, ನನ್ನ ಜೇಬಿನ ಮೇಲೆ ಕೈ ಇಟ್ಟಳು. ನಾನು ಅಲ್ಲಿ ಕೂತಿರುವುದು ಕಾಣುತ್ತಿದ್ದರೂ ಪೂರ್ತಿ ಕ್ರಮದಲ್ಲೇ ಮಾಡಿದಳು. ಅದು ನನಗೆ ಹಿಡಿಸಿತು.

ಕಾಂತಮ್ಮ ಬಂದು ಗುಂಡಿಯ ಅಂಚಿನಲ್ಲಿ ಕೂತಳು. ಪೈಪನ್ನು ನೋಡಿದಳು. ಪೆಟ್ಟಿಗೆಯನ್ನು ನೋಡಿದಳು.

"ಇಷ್ಟೇನಾ ಭಾವ?" ಅಂದಳು.

"ಇಷ್ಟೇ."

ಇನ್ನೊಮ್ಮೆ ಮಾಡು ಎಂದು ಮಗಳಿಗೆ ಹೇಳಿದಳು. ಈ ಸಲ ಪೆಟ್ಟಿಗೆಯನ್ನು ತಾನೇ ತೆಗೆದುಕೊಂಡು ಹೋಗಿ ಬಚ್ಚಿಟ್ಟಳು. ಊಟದ ಹೊತ್ತಿನವರೆಗೂ ಬಚ್ಚಿಡುವವಳು ಅವಳೇ.

ಎದುರು ಗುಡ್ಡದ ಬುಡದಲ್ಲಿ ಹಳದಿ ಜೆಸಿಬಿ ಕೆಲಸ ಮಾಡುತ್ತಿದೆ. ಯಾರದ್ದು ಎಂದು ವಿಚಾರಿಸಬೇಕು. ಭಾನುವಾರವೂ ಬಿಡುವುದಿಲ್ಲ ಈ ಜನ.

ಫೆಬ್ರವರಿ 3, ಮಂಗಳವಾರ

ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕೊನೆಯ ತಪಾಸಣೆ. ಬದಲಿ ಬೂಟು, ಸರಿ. ಲೋಹದ ಸಲಿಕೆ, ಸರಿ. ಕಡ್ಡಿ ಸರಿ. 'ಬೀಕನ್ ಹಾಕಿ' ಎಂದು ಆರೂ ಜನರನ್ನು ಸಾಲಾಗಿ ನಿಲ್ಲಿಸಿ, ಒಂದೊಂದೂ ಕೆಲಸ ಮಾಡುತ್ತಿದೆಯೇ ಎಂದು ನೋಡಿದೆ. ಶುಂಠಿ ಮೂಟೆ ಇಳಿಸುತ್ತಿದ್ದವರು ಕೆಲಸ ಬಿಟ್ಟು ನೋಡುತ್ತಿದ್ದರು. ಕೀರ್ತಿಕುಮಾರ್ ಸಾಲಿನ ಕೊನೆಯಲ್ಲಿ ಕೈ ಕಟ್ಟಿ ನಿಂತಿದ್ದ. ಒಂಬತ್ತನೇ ತರಗತಿಯಲ್ಲೂ ಹೀಗೇ ನಿಲ್ಲುತ್ತಿದ್ದ.

ಬಸ್ಸು ಹತ್ತುವ ಮೊದಲು ಅಮೃತಾ ಕೇಳಿದಳು. "ಪಾಸಾ ದೊಡ್ಡಪ್ಪ?"

ಜಾಕೆಟ್ಟಿನ ಬೆನ್ನಿಗೆ ಮಾತ್ರ ಫೇಲ್, ಅಂದೆ. ಕಾಂತಮ್ಮ ಮಗಳ ಬೀಕನ್ನಿನ ಪಟ್ಟಿಯನ್ನು ಎಳೆದು, ಬಿಗಿಯಾಗಿದೆಯೇ ಎಂದು ನೋಡಿದಳು. 

ಬಸ್ಸು ಬಿಡಲು ತಡ. ಯಾವತ್ತಾದರೂ ಸಮಯಕ್ಕೆ ಬಿಟ್ಟಿದ್ದುಂಟಾ.

ಫೆಬ್ರವರಿ 11, ಬುಧವಾರ

ಹಿಮಾಚಲದಿಂದ ಅಮೃತಾಳ ಫೋನು. ಬೂಟು ಕಚ್ಚಿ ಹಿಡಿದಿದೆಯಂತೆ. ರೋಮದ ಪಟ್ಟಿ ಬೆಕ್ಕಿನ ಬೆನ್ನಿನಂತೆಯೇ ಇದೆ ಎಂದು ಅಮ್ಮನಿಗೆ ಹೇಳಿ ಅಂದಳು. ನಾಳೆ ಮೇಲೆ ಹೋಗುತ್ತಾರೆ, ಕೆಲವು ದಿನ ಸಿಗ್ನಲ್ ಇರುವುದಿಲ್ಲ. ಫೋನು ಯಾವ ಜೇಬಿನಲ್ಲಿದೆ ಎಂದು ಕೇಳಿದೆ. ಬೀಕನ್ನಿನಿಂದ ದೂರ ಇಟ್ಟಿದ್ದೇನೆ ದೊಡ್ಡಪ್ಪ, ಅಂದಳು.

ಫೆಬ್ರವರಿ 13, ಶುಕ್ರವಾರ

ಇಲ್ಲ.

ಫೆಬ್ರವರಿ 14, ಶನಿವಾರ

ಇಲ್ಲ. ಚಂದ್ರನ ಮೇಲೆ ಯಂತ್ರ ಇಳಿಸುವ ದೇಶದಲ್ಲಿ ಒಂದು ಕಣಿವೆಗೆ ಫೋನ್ ಕಂಬ ಹಾಕಲು ಆಗುವುದಿಲ್ಲ. ಕಾಂತಮ್ಮ ಬೆಕ್ಕಿನ ಬೆನ್ನು ಸವರುತ್ತ ಕೂತಿದ್ದಾಳೆ. ತಲೆಯಿಂದ ಬಾಲಕ್ಕೆ.

ಫೆಬ್ರವರಿ 16, ಸೋಮವಾರ

ಮಧ್ಯಾಹ್ನ ಫೋನು ಬಂತು. ಆರೂ ಜನ ಕೆಳಗೆ ಬಂದಿದ್ದಾರೆ. ಏನೂ ಆಗಿಲ್ಲ. ಹಿಮ ಚೆನ್ನಾಗಿತ್ತಂತೆ. ಇದನ್ನು ಬೆಳಗ್ಗೆಯೇ ಹೇಳಬಹುದಿತ್ತು.

ಫೆಬ್ರವರಿ 20, ಶುಕ್ರವಾರ

ಅಮೃತಾ ನಿನ್ನೆ ಬಂದಳು. ಮೂಗಿನ ಮೇಲೆ ಚರ್ಮ ಸುಲಿದಿದೆ, ಕನ್ನಡಕದ ಆಕಾರದಲ್ಲಿ ಮುಖ ಎರಡು ಬಣ್ಣ. ಬಂದವಳೇ ಮಲಗಿದಳು.

ಇವತ್ತು ಕೀರ್ತಿ ಬೀಕನ್ ವಾಪಸ್ ತೆಗೆದುಕೊಳ್ಳಲು ಬಂದಿದ್ದ. ಡಬ್ಬಿಗೆ ಹಾಕುತ್ತ ಅಂದ, "ಒಂದ್ಸಲಾನೂ ಉಪಯೋಗಕ್ಕೆ ಬರ್ಲಿಲ್ವಲ್ಲ ಸಾರ್. ಆರೂ ಹಾಗೇ ವಾಪಸ್ ಬಂತು."

"ಆರೂ ವಾಪಸ್ ಬಂದ್ರಲ್ಲ," ಅಂದಳು ಕಾಂತಮ್ಮ, ನಾನು ಬಾಯಿ ತೆರೆಯುವ ಮೊದಲೇ. ಕಾಫಿ ಲೋಟವನ್ನು ಅವನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟಳು. ಅವನು ತಲೆ ತಗ್ಗಿಸಿ ಕುಡಿದ. ಮಳೆಗಾಲಕ್ಕೆ ಇವನ್ನು ಆಫೀಸಿನ ಬೀರುವಿನಲ್ಲಿ ಕೂಡಿಹಾಕುವುದು ಬೇಡ, ಮಾದಾಪುರದ ಕಡೆಯ ಮನೆಗಳಿಗೆ ಕೊಡಬಹುದೇ, ಕೆಸರಿನಲ್ಲಿ ಎಷ್ಟು ದೂರ ಹಿಡಿಯುತ್ತದೆ, ಯಾರನ್ನು ಕೇಳಬೇಕು ಎಂದು ನಾನು ಕೇಳಿದೆ. ಗೊತ್ತಿಲ್ಲ ಸಾರ್, ವಿಚಾರಿಸ್ತೀನಿ, ಅಂದ. ವಿಚಾರಿಸುವುದಿಲ್ಲ. ಸೋಮವಾರ ನಾನೇ ಹೋಗುತ್ತೇನೆ. ಆ ಹಳದಿ ಜೆಸಿಬಿಯ ವಿಷಯವೂ ಇದೆ.

ಅಮೃತಾಳ ಚೀಲದ ಬಟ್ಟೆಯನ್ನೆಲ್ಲ ಕಾಂತಮ್ಮ ಒಗೆದು ಹಾಕಿದಳು. ಹಿತ್ತಿಲಿನ ಹಗ್ಗ ಜಾಕೆಟ್ಟಿನ ಭಾರಕ್ಕೆ ತಡೆಯಲಿಲ್ಲ. ಉದ್ದದ್ದು ಏನಾದರೂ ಕೊಡಿ ಭಾವ ಅಂದಳು. ಬಾಗಿಲ ಹಿಂದೆ ಕೈಗೆ ಸಿಕ್ಕಿದ್ದನ್ನು ಕೊಟ್ಟೆ. ಎರಡು ಕಂಬಕ್ಕೆ ಅಡ್ಡ ಕಟ್ಟಿ ಒಣಹಾಕಿದ್ದಾಳೆ. ರೆಸಾರ್ಟಿನ ಹೆಸರು ಇಷ್ಟು ಒಗೆದರೂ ಒಂದಕ್ಷರವೂ ಮಾಸಿಲ್ಲ, ರಸ್ತೆಯಲ್ಲಿ ಹೋಗುವವರೆಲ್ಲ ಓದಿಕೊಂಡು ಹೋಗುತ್ತಿದ್ದಾರೆ. ಬಿದಿರು ಗಳವನ್ನು ತೀರ ಕೆಳಗೆ ಕಟ್ಟಿದ್ದಾಳೆ, ತೋಳು ನೆಲಕ್ಕೆ ತಾಗುತ್ತಿದೆ. ನಾಳೆ ಎತ್ತಿ ಕಟ್ಟಬೇಕು.